ಇವತ್ತಿನ ಹಾಳಿ

ರಾಮದುರ್ಗದ ಬಸ್ ಸ್ಟ್ಯಾಂಡ್ ಎದುರಿನ ಡಿಟಿಪಿ ಅಂಗಡಿಯಲ್ಲಿ ನನ್ನ ಕಾದಂಬರಿ ಟೈಪ್ ಮಾಡುತ್ತಿದ್ದವಳು ಪರದೆಯನ್ನು ನೋಡುತ್ತಲೇ ಇರಲಿಲ್ಲ. ಹೆಬ್ಬೆರಳನ್ನು ನಾಲಗೆಗೆ ಒತ್ತಿ ಹಾಳೆ ತಿರುವುತ್ತಿದ್ದಳು. ಯಾರಾದರೂ ಸತ್ತರೆ ಊರವರು ಶ್ರದ್ಧಾಂಜಲಿಯ ಫ್ಲೆಕ್ಸ್ ಮಾಡಿಸಲು ಅವಳಲ್ಲಿಗೇ ಬರುತ್ತಿದ್ದರು. ಬೆಳಿಗ್ಗೆ ನಾನು ಹೊಸ್ತಿಲು ತುಳಿದರೆ ಒಂದೇ ಮಾತು: “ಇವತ್ತಿನ ಹಾಳಿ ಕೊಡ್ರಿ ಅಕ್ಕಾರ.” ಆ ಮಾತಿಗೆ ಹೆದರಿಯೇ ನಾನು ದಿನಾ ಹತ್ತು ಹಾಳೆ ಬರೆಯುತ್ತಿದ್ದೆ.

ಕಾದಂಬರಿಯನ್ನು ಸ್ಪರ್ಧೆಗೆ ಕಳಿಸಲು ಎಂಟೇ ದಿನ ಉಳಿದಿದ್ದಾಗ ಬರವಣಿಗೆ ನಿಂತುಬಿಟ್ಟಿತು. ಕಥೆಯ ಗಂಗವ್ವ ಸಾಯಬೇಕಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ. ಸಾಯಿಸಲು ಕೈ ಬರಲಿಲ್ಲ. ಮೂರು ದಿನ ಅಂಗಡಿಯ ಕಡೆ ಸುಳಿಯಲಿಲ್ಲ.

ನಾಲ್ಕನೆಯ ದಿನ ಬರಿಗೈಯಲ್ಲಿ ಹೋದೆ. ಅವಳ ಕುರ್ಚಿಯ ಹಿಂದೆ ಹೊಸ ಫ್ಲೆಕ್ಸ್ ತೂಗುತ್ತಿತ್ತು: ‘ಗಂಗವ್ವನಿಗೆ ಭಾವಪೂರ್ಣ ಶ್ರದ್ಧಾಂಜಲಿ.’ ಕೆಳಗೆ ಅಂದಿನದೇ ತಾರೀಖು.

“ಆಕಿ ಸಾಯ್ತಾಳಂತ ನಿನಗ ಯಾರು ಹೇಳಿದ್ರು?”

“ನಿಮ್ಮ ಕಡೀ ಹಾಳ್ಯಾಗ ಅಕ್ಷರ ನಡಗಿದ್ವಲ್ರಿ. ಸತ್ತವರ ಹೆಸರು ಬರಕೊಂಡು ಬರೋರ ಅಕ್ಷರ ಹಿಂಗ ಇರ್ತಾವ. ಹೆಣಾ ಹೊತ್ತು ಮುಳುಗೂದ್ರೊಳಗ ಎತ್ತಬೇಕ್ರಿ ಅಕ್ಕಾರ. ನೀವು ಮೂರು ದಿನ ಮನ್ಯಾಗ ಇಟಗೊಂಡು ಕುಂತೀರಿ.”

ಫ್ಲೆಕ್ಸ್‌ನಲ್ಲಿದ್ದ ಮುಖವನ್ನು ಆಗ ಸರಿಯಾಗಿ ನೋಡಿದೆ. ಅದು ಅವಳದೇ.

“ಫೋಟೋ ಸಿಗಲಿಲ್ರಿ. ನಂದ ಹಾಕೀನಿ.”

ಅಲ್ಲೇ ಬೆಂಚಿನ ಮೇಲೆ ಕೂತು ಬರೆಯತೊಡಗಿದೆ. ತನ್ನದೇ ಫೋಟೋದ ಕೆಳಗೆ ಅವಳು ಕೀಬೋರ್ಡಿನ ಮೇಲೆ ಬೆರಳಿಟ್ಟು ಕಾಯುತ್ತಿದ್ದಳು. ಹೊತ್ತು ಮುಳುಗುವ ಮುಂಚೆ ಗಂಗವ್ವ ಸತ್ತಳು.

“ಇವತ್ತಿನ ಹಾಳಿ ಕೊಡ್ರಿ ಅಕ್ಕಾರ” ಎಂದು ಅವಳು ಕೈ ಚಾಚಿದಳು.

ನನ್ನ ಬೆರಳುಗಳು ಹಾಳೆಯನ್ನು ಬಿಡಲೊಲ್ಲವು.