ಕೊನೆಯ ದಿನ ಒಲೆ ಹಚ್ಚದ ಕಾಲೊನಿ

ಇವತ್ತು ಬೆಳಿಗ್ಗೆಯಿಂದ ಮಾಡಿದ ಕೆಲಸಗಳು: ಪರದೆಗಳನ್ನು ಬಿಚ್ಚಿ ಮಡಿಸಿದೆ. ಮಿಕ್ಸರಿನ ಜಾರುಗಳನ್ನು ಹಳೇ ಸೀರೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿದೆ. ಉಪ್ಪಿನಕಾಯಿ ಭರಣಿಯ ಬಾಯಿಗೆ ಬಟ್ಟೆ ಕಟ್ಟಿದೆ. ದೇವರ ಫೋಟೊ ಇಳಿಸಿ ಗೋಡೆಯ ಮೊಳೆ ಕಿತ್ತೆ. ಅಡುಗೆಮನೆಯ ಕಟ್ಟೆಯನ್ನು ಎರಡು ಸಲ ಉಜ್ಜಿದೆ, ನಾಳೆ ಬೀಗದ ಕೈ ಕೊಟ್ಟ ಮೇಲೆ ಅದನ್ನು ನೋಡುವವರು ಯಾರೂ ಇಲ್ಲವೆಂದು ಗೊತ್ತಿದ್ದೂ. ಮಾಡದೆ ಬಿಟ್ಟ ಕೆಲಸ ಒಂದೇ. ಒಲೆ ಹಚ್ಚಲಿಲ್ಲ.

ಸೋಮಾರಿತನ ಎಂದುಕೊಳ್ಳಬೇಡಿ, ಅದು ನಮ್ಮ ಕಾಲೊನಿಯ ಪದ್ಧತಿ. ಕ್ವಾರ್ಟರ್ಸ್ ಬಿಡುವವರು ಕೊನೆಯ ದಿನ ಅಡುಗೆ ಮಾಡಬಾರದು. ಮಧ್ಯಾಹ್ನದ ಊಟ ಅಕ್ಕಪಕ್ಕದ ಮನೆಯಿಂದ ಬರಬೇಕು. ಇಪ್ಪತ್ತಾರು ವರ್ಷ ನಾನು ಊಟ ಕಳಿಸಿದವಳು. ನಮ್ಮವರು ನಿವೃತ್ತರಾದ್ದರಿಂದ ಈ ಸಲ ಕಾಯುವ ಸರದಿ ನನ್ನದು. ಆದರೆ ನಮ್ಮ ಎಡಗಡೆಯ ಮನೆಗೂ ಬೀಗ, ಬಲಗಡೆಯ ಮನೆಗೂ ಬೀಗ. ಹೊಸದಾಗಿ ಕೆಲಸಕ್ಕೆ ಸೇರಿದವರಲ್ಲಿ ಹಲವರು ಕಾರವಾರದಲ್ಲೇ ಮನೆ ಮಾಡಿ ಬಸ್ಸಿನಲ್ಲಿ ಬಂದುಹೋಗುತ್ತಾರೆ.

ಊರುಗಳು ಹೇಗೆ ಹುಟ್ಟುತ್ತವೆ ಎಂಬುದು ನನಗೆ ಅಷ್ಟಿಷ್ಟು ಗೊತ್ತು. ನನ್ನ ತವರು ಅವರ್ಸಾ. ಅಲ್ಲಿ ಗದ್ದೆ ಇದ್ದಲ್ಲಿ ಮನೆಯಾಯಿತು, ಮನೆಯಿಂದ ಸಮುದ್ರಕ್ಕೆ ಓಡಾಡಿ ದಾರಿಯಾಯಿತು, ದಾರಿ ಕೂಡಿದಲ್ಲಿ ಮೀನು ಮಾರುವವರು ಕೂತರು, ಅವರು ಕೂತಲ್ಲಿ ಜಗಳ ಶುರುವಾಯಿತು. ಜಗಳ ಶುರುವಾದ ಮೇಲೆ ಅದು ಊರೇ. ಕಾರವಾರವೂ ಹಾಗೇ ಅಲ್ಲವೇ? ನದಿ ಸಮುದ್ರ ಸೇರುವಲ್ಲಿ ಹಡಗು ನಿಂತಿತು, ಹಡಗಿನ ಹಿಂದೆ ವ್ಯಾಪಾರ ಬಂತು. ಯಾರೂ ಕೂತು ಗೆರೆ ಎಳೆಯಲಿಲ್ಲ.

ಕೈಗಾದಲ್ಲಿ ಕೆಲಸ ಮಾಡುವವರಿಗೆಂದು ಕಾಳಿ ನದಿಯ ದಡದಲ್ಲಿ ಕಟ್ಟಿದ ನಮ್ಮ ಈ ಕಾಲೊನಿಯದು ತಿರುಗುಮುರುಗು ಜಾತಕ. ಮೊದಲು ಕಾಗದದ ಮೇಲೆ ಹುಟ್ಟಿತು. ಆಮೇಲೆ ನೀರಿನ ಟಾಕಿ ಬಂತು, ಬೀದಿ ದೀಪ ಬಂತು, ನಂಬರು ಹಚ್ಚಿದ ಮನೆಗಳು ಬಂದವು, ಎಲ್ಲಕ್ಕಿಂತ ಕೊನೆಗೆ ಮನುಷ್ಯರು. ಯೋಜನೆ ಮಾಡಿದ ಪುಣ್ಯಾತ್ಮರು ನದಿಗೆ ಮುಖ ಮಾಡಿ ಕಲ್ಲಿನ ಬೆಂಚುಗಳನ್ನೂ ಹಾಕಿಸಿದ್ದರು. ನಾವು ಹೆಂಗಸರು ಇಷ್ಟು ವರ್ಷವೂ ಅವುಗಳ ಮೇಲೆ ನದಿಗೆ ಬೆನ್ನು ಹಾಕಿಯೇ ಕೂತೆವು. ರಸ್ತೆಯಲ್ಲಿ ಯಾರು ಹೋದರು, ಯಾರ ಚೀಲದಲ್ಲಿ ಏನಿತ್ತು ಎಂಬುದು ನದಿಯಲ್ಲಿ ಕಾಣುವುದಿಲ್ಲವಲ್ಲ!

ಮನೆಗಳೆಲ್ಲ ಒಂದೇ ಅಚ್ಚು. ಬಂದ ಹೊಸದರಲ್ಲಿ ಒಂದು ಮಧ್ಯಾಹ್ನ ನಾನು ಪೇಟೆಯಿಂದ ಬಂದವಳೇ ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಅಡುಗೆಮನೆಗೆ ಹೋಗಿ ಪಾತ್ರೆಯ ಮುಚ್ಚಳ ತೆಗೆದರೆ ಬಂಗಡೆ ಸಾರು. ನಾನು ಮಾಡಿಟ್ಟು ಹೋದದ್ದು ಹೆಸರುಕಾಳು. ಹಿಂದೆ ಬಾಗಿಲಲ್ಲಿ ಯಾರೋ ನಿಂತು ನಗುತ್ತಿದ್ದರು. "ಬಂದದ್ದೇನೋ ಬಂದ್ಯಲೇ ಮಾರಾಯ್ತಿ, ಉಂಡೇ ಹೋಗು." ಸುಂಕಸಾಳದ ಸಾವಿತ್ರಿ ನನಗೆ ಪರಿಚಯವಾದದ್ದು ಹಾಗೆ.

ಊಟ ಕಳಿಸುವ ಪದ್ಧತಿ ಶುರು ಮಾಡಿದವಳೂ ಸಾವಿತ್ರಿಯೇ. ನಮ್ಮ ಸಾಲಿನಲ್ಲಿ ಮೊದಲ ಬಾರಿಗೆ ಒಬ್ಬರು ನಿವೃತ್ತರಾದಾಗ, ಆ ಮನೆಯಾಕೆ ಕಟ್ಟಿಟ್ಟ ಪಾತ್ರೆಗಳ ನಡುವೆ ಕೂತು, ತಟ್ಟೆ ಇಲ್ಲದೆ ಕಾಗದದ ಮೇಲೆ ಚುರುಮುರಿ ತಿನ್ನುವುದನ್ನು ಇವಳು ನೋಡಿದಳು. "ನಾವೆಲ್ಲ ಇದ್ದೂ ಇದೆಂತಾ ಅವತಾರ?" ಎಂದು ಬೈದು ಅನ್ನ ತಂದಿಟ್ಟಳು. ಅಂದಿನಿಂದ ಅದು ಶಾಸ್ತ್ರವಾಯಿತು. ಎರಡು ವರ್ಷದ ಹಿಂದೆ ಸಾವಿತ್ರಿ ಕ್ವಾರ್ಟರ್ಸ್ ಬಿಟ್ಟಾಗ ಅವಳಿಗೆ ಕೊನೆಯ ದಿನದ ಊಟ ಕೊಟ್ಟವಳು ನಾನು.

ಅರವತ್ತಾದ ಮೇಲೆ ಇಲ್ಲಿ ಯಾರೂ ಉಳಿಯುವಂತಿಲ್ಲ. ಬಾಣಂತನ ಕಂಡೆ, ಮದುವೆ ಕಂಡೆ, ಯಾರ ಮುಪ್ಪನ್ನೂ ಕಾಣಲಿಲ್ಲ. ಬೇರೆ ಊರಿನಲ್ಲಿ ಪದ್ಧತಿ ಗೊತ್ತಿರುವ ಮುದುಕಿ ಜಗಲಿಯ ಮೇಲೆ ಕೂತಿರುತ್ತಾಳೆ. ನಮ್ಮಲ್ಲಿ ಅವಳು ಲಾರಿಗೆ ಸಾಮಾನು ಏರಿಸುತ್ತಿರುತ್ತಾಳೆ.

ಹನ್ನೆರಡೂವರೆಯಾಯಿತು. ಒಂದಾಯಿತು. ನಮ್ಮವರು ಹೊರಗೆ ಎರಡು ಸಲ ಕೆಮ್ಮಿ ಒಳಗೆ ಬಂದರು.

"ಇನ್ನೂ ಯಾರ ದಾರಿ ಕಾಯ್ತೀಯೇ? ಕ್ಯಾಂಟೀನಿಂದ ಎಂತಾದ್ರೂ ತತ್ತೆ."

"ಇಪ್ಪತ್ತಾರು ವರ್ಷ ಊಟ ಕಳಿಸಿ, ಕ್ಯಾಂಟೀನಿನ ಅನ್ನ ಉಂಡು ಹೋಗೂದಾ?"

"ಹಾಂಗಾರೆ ಬೀಗದ ಹತ್ರ ಕೇಳು, ಬಡಿಸ್ತದೆ."

ಸಿಟ್ಟು ಬಂತು, ಅಳುವೂ ಬಂತು. ನಾವು ಹೋದದ್ದು ಯಾರಿಗೂ ತಿಳಿಯುವುದೇ ಇಲ್ಲವೇನೋ ಅನ್ನಿಸಿತು. ಆಗ ಎದುರು ಸಾಲಿನ ಒಂದೇ ಮನೆಯ ಹಗ್ಗದಲ್ಲಿ ಬಟ್ಟೆ ಒಣಗುತ್ತಿರುವುದು ಕಾಣಿಸಿತು. ಬಾಗಲಕೋಟೆ ಕಡೆಯ ಶಿಲ್ಪಾ ಗಂಡನ ಜೊತೆ ಬಂದು ಮೂರು ತಿಂಗಳಾಗಿದೆ. ಈ ಪದ್ಧತಿಯನ್ನು ಅವಳಿಗೆ ಹೇಳಿದವರು ಯಾರು? ಹೇಳಬೇಕಾದವಳು ನಾನೇ, ಮರೆತು ಕೂತಿದ್ದೆ. ಆದರೆ ಹೇಳುವುದೆಂದರೆ ಬೇಡಿದಂತೆಯೇ. ನಾಚಿಕೆ ಬಿಟ್ಟು ಹೋಗಿ ಬಾಗಿಲು ತಟ್ಟಿ, ಎಲ್ಲ ವಿವರಿಸಿ, "ಅದಕ್ಕೆ ಇವತ್ತು ನಮಗೆ ಊಟ ನೀನು ಕೊಡ್ಬೇಕು ನೋಡು" ಎಂದೆ.

ಅವಳು ಹೌಹಾರಿದಳು. "ಅಯ್ಯ, ಮೊದ್ಲ ಹೇಳಬಾರದೇನ್ರೀ ಆಂಟಿ! ಮನ್ಯಾಗ ರೊಟ್ಟಿ ಪಲ್ಯ ಅಷ್ಟ ಅದ. ನೀವು ಮೀನ ಇಲ್ದ ಉಣ್ತೀರೇನು?"

"ಕೊಟ್ಟು ನೋಡು."

ಡಬ್ಬಿ ಹಿಡಿದು ಅವಳೇ ಬಂದಳು. ಗಂಡ ಡ್ಯೂಟಿಗೆ ಹೋಗಿದ್ದ. ಖಾಲಿ ನಡುಮನೆಯಲ್ಲಿ ಮೂವರೂ ಚಾಪೆ ಹಾಕಿ ಕೂತೆವು. ಅವಳು ರೊಟ್ಟಿ ಮುರಿಯುತ್ತ ನಮ್ಮ ಎರಡೂ ಪಕ್ಕದ ಗೋಡೆಗಳ ಕಡೆ ನೋಡಿದಳು, ಅವುಗಳಾಚೆ ಬೀಗ ಬಿದ್ದ ಮನೆಗಳು.

"ಆಂಟಿ, ನಾವು ಹೋಗುವಾಗ ನಮಗ್ಯಾರ್ರೀ ಕೊಡೋರು?"

ಅವಳಿಗೆ ಅರವತ್ತಲ್ಲ, ಅದರ ಅರ್ಧವೂ ಆಗಿಲ್ಲ. ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಗೊತ್ತಿಲ್ಲ ಮಗಾ. ಯಾರು ಬಂದ್ರೂ ಮೊದಲ ದಿನವೇ ಹೇಳಿಟ್ಟುಬಿಡು. ನನ್ನ ಹಾಗೆ ಕೊನೆವರೆಗೆ ಕಾಯ್ಬೇಡ" ಎಂದೆ. ಅವಳು ತಲೆಯಾಡಿಸಿದಳು. ನಾಳೆಯಿಂದ ಈ ಎರಡು ಸಾಲಿಗೆ ಅವಳೊಬ್ಬಳೇ.

ಉಂಡದ್ದು ಆರಿದ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ. ನಮ್ಮವರು ಮೀನಿನ ಹೆಸರು ಎತ್ತದೆ ಮೂರು ರೊಟ್ಟಿ ಮುಗಿಸಿದರು. ಮೊದಲು ನಿದ್ದೆ ಹೋದವಳು ಶಿಲ್ಪಾ. ಮನೆಗೆ ಹೋಗುತ್ತೇನೆ ಹೋಗುತ್ತೇನೆ ಎನ್ನುತ್ತಲೇ ನಮ್ಮ ಗಂಟುಮೂಟೆಗೆ ಒರಗಿ ಕಣ್ಣು ಮುಚ್ಚಿದಳು. "ಎಬ್ಬಿಸ್ಬೇಡ" ಎಂದು ನಮ್ಮವರು ಪಿಸುಗುಟ್ಟಿ, ಅಲ್ಲೇ ಅಡ್ಡಾದರು. ನಾನು ಎಬ್ಬಿಸಲಿಲ್ಲ.