ಉಡಿ ತುಂಬಿದ ಮೇಲೆ

ಮರಳಿ ಊರಿನ ಗದ್ದೆ ಬಯಲಿನಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಶಿವಲಿಂಗಮ್ಮ ಸೀರೆ ಎತ್ತಿ ಬಿಗಿದು ಕೆಸರಿಗಿಳಿದಿದ್ದಾರೆ. ಎಡಗೈಯಲ್ಲಿ ಸಸಿಯ ಕಟ್ಟು. ಬಲಗೈ ಎಷ್ಟು ಚುರುಕೆಂದರೆ ಕಣ್ಣಿಗೇ ಸಿಗುವುದಿಲ್ಲ. "ಲಗೂ ಬಗ್ಗರೆವ್ವಾ, ಬಿಸಿಲೇರಿದ ಮ್ಯಾಲ ನಡ ಎತ್ತಾಕ ಬರೂದಿಲ್ಲ" ಎಂದು ತಮ್ಮ ಗ್ಯಾಂಗಿನ ಹೆಂಗಸರನ್ನು ಗದರುತ್ತಾರೆ. ಅದೇ ಗದ್ದೆಯಲ್ಲಿ, ಮಗ್ಗುಲಲ್ಲೇ, ಲುಂಗಿ ಎತ್ತಿ ಕಟ್ಟಿದ ಬಂಗಾಳದ ಗಂಡಸರ ಸಾಲು. ಬದುವಿನ ಮೇಲೆ ನಿಂತ ರೈತ ಪಂಪಾಪತಿ ಎರಡೂ ಸಾಲು ನೋಡುತ್ತ ಕಣ್ಣು ಪಿಳಿಪಿಳಿ ಬಿಡುತ್ತಿದ್ದಾರೆ.

ಶಿವಲಿಂಗಮ್ಮ ಯಲಬುರ್ಗಾ ಕಡೆಯ ಬೇವೂರಿನವರು. ಅಲ್ಲಿ ಮಳೆ ನಂಬಿದ ಜೋಳದ ಹೊಲ. ಕಾಲುವೆಗೆ ನೀರು ಬಿಟ್ಟರೆ ಸಾಕು, ಇಡೀ ಗ್ಯಾಂಗು ಟಂಟಂ ಆಟೊ ಹತ್ತಿ ಮರಳಿಗೆ ಬರುತ್ತದೆ. ಭತ್ತದ ಸಸಿ, ಇವರ ಮಾತಿನಲ್ಲಿ ನೆಲ್ಲು, ಹಚ್ಚುವುದು ಇಲ್ಲಿ ಹೆಂಗಸರದೇ ಕೆಲಸ. ಕರಾರು ಎಂದರೆ ಉಡಿ. ನಾಟಿ ಮುಗಿದ ದಿನ ರೈತನ ಮನೆಯವರು ಅಕ್ಕಿ, ಬೆಲ್ಲ, ಕೊಬ್ಬರಿ ಬಟ್ಟಲು ಹಾಕಿ ಸೆರಗು ತುಂಬಿದರೆ ಮುಂದಿನ ವರ್ಷದ ನಾಟಿಯೂ ಅವರದೇ, ಕೂಲಿಯೂ ಇಳಿಯುವಂತಿಲ್ಲ. ಫೋನೂ ಬೇಡ, ಸಹಿಯೂ ಬೇಡ.

ಹೋದ ವರ್ಷ ಟಂಟಂ ಇಳಿದವರು ಬದುವಿನ ಮೇಲೇ ನಿಂತುಬಿಟ್ಟರು. ಪಂಪಾಪತಿಯ ಗದ್ದೆಯಲ್ಲಿ ಇದೇ ಬಂಗಾಳದ ಗಂಡಸರು ಸಸಿ ಹಚ್ಚುತ್ತಿದ್ದರು! "ಉಡಿ ತುಂಬಿ ಕಳಿಸಿದ ಮನಷ್ಯಾ ಮಾರಿ ಆ ಕಡಿ ತಿರುವ್ಯಾನ!" ಎನ್ನುತ್ತಾರೆ ಶಿವಲಿಂಗಮ್ಮ. ಆ ಸಲ ಊರೆಲ್ಲ ಅಲೆದು, ಕೂಲಿ ಇಳಿಸಿಕೊಂಡು, ಸಿಕ್ಕ ಗದ್ದೆಗೆ ಬಗ್ಗಿದರು. ಸಂಜೆ ಅಂಗಡಿಯಲ್ಲಿ ಇನ್ನೊಂದು ಪೆಟ್ಟು ಕಾದಿತ್ತು.

"ಹಚ್ಚೋ ಕೂಲಿ ಇಳದೈತಿ, ಅಕ್ಕಿ ರೇಟು ಏರೈತಿ! ಇದ್ಯಾವ ಲೆಕ್ಕ ಅಂತ ಕೇಳಿದ್ರ ಅಂಗಡಿಯಾವ ನಕ್ಕ್ಯಾನ್ರಿ."

ಪಂಪಾಪತಿಯದು ಬೇರೆ ಗೋಳು. "ಕೂಲಿಯೊಳಗ ನನಗ ಉಳದಿದ್ದು ಅಷ್ಟಕ್ಕಷ್ಟ. ಗೊಬ್ಬರ, ಗುತ್ತಿಗಿ ಹೊಲದ ಲಾವಣಿ ಎಲ್ಲಾ ಏರ್ಯಾವ. ನಾ ಮಾರೋ ನೆಲ್ಲಿಗೆ ಮಾತ್ರ ರೇಟು ಏರಿಲ್ಲ." ಹಚ್ಚಿದವರಿಗೂ ಇಲ್ಲ, ಬೆಳೆದವನಿಗೂ ಇಲ್ಲ. ಹಾಗಾದರೆ ದುಡ್ಡು ಹೋದದ್ದಾದರೂ ಎಲ್ಲಿಗೆ?

ಅರ್ಧ ಉತ್ತರ ತಂದವರು ಗ್ಯಾಂಗಿನ ಹಜರತಬೀ. ಉರ್ದು ಬಲ್ಲ ಅವರು ನೀರಿನ ನಳದ ಹತ್ತಿರ ಹರುಕು ಹಿಂದಿ ಬಲ್ಲ ಬಂಗಾಳದವರ ಮೇಸ್ತ್ರಿ ಸುಬಲ್‌ನನ್ನು ಮಾತಿಗೆಳೆದಿದ್ದರು. "ಕರಕೊಂಡು ಬಂದ ದಲಾಲಿ ಅರ್ಧ ಕೂಲಿ ತಾನ ಹೊಡಕೊಳ್ತಾನಂತಕ್ಕಾ. ಅವರ ಕೈಗೆ ಬರೋದು ನಮಗಿಂತ ಕಡಿಮಿ!"

ಶಿವಲಿಂಗಮ್ಮ ದಂಗಾದರು. ಇಷ್ಟು ದಿನ ಬೈದದ್ದು ಯಾರನ್ನು? "ನಾವು ಕೂಲಿಯೊಳಗ ಇಳಿದ್ರ ಅವರನ್ನ ಇಳಸ್ತಾರ, ಅವರು ಇಳಿದ್ರ ನಮ್ಮನ್ನ. ಇದು ಎಲ್ಲಿಗೆ ಮುಟ್ಟತೈತಿ ಹೇಳ್ರಿ?"

ಈ ವರ್ಷ ಸಸಿ ಕೀಳುವ ಮೊದಲೇ ಶಿವಲಿಂಗಮ್ಮ, ಸುಬಲ್ ಇಬ್ಬರು ಮೇಸ್ತ್ರಿಗಳೂ ಹಜರತಬೀಯನ್ನು ನಡುವೆ ಕೂರಿಸಿಕೊಂಡು ಮಾತಾಡಿದರು. ದಲಾಲಿ ಬೇಡ, ಎರಡೂ ಗ್ಯಾಂಗಿಗೆ ಒಂದೇ ಕೂಲಿ. ಪಂಪಾಪತಿ ಇವರನ್ನು ಕೇಳಿದರೂ ಅದೇ, ಅವರನ್ನು ಕೇಳಿದರೂ ಅದೇ. ಇತ್ತ ಸಸಿ ಬಲಿಯುತ್ತಿತ್ತು, ಬಲಿತರೆ ಇಳುವರಿ ಕೈಬಿಟ್ಟಂತೆ. ಎರಡೂ ಗ್ಯಾಂಗನ್ನು ಗದ್ದೆಗಿಳಿಸಲು ಪಂಪಾಪತಿ ಒಪ್ಪಲೇಬೇಕಾಯಿತು.

ಇವತ್ತು ಕೊನೆಯ ಗದ್ದೆ. ಬಿಸಿಲೇರುವ ಹೊತ್ತಿಗೆ ಪಂಪಾಪತಿಯ ಹೆಂಡತಿ ಅನ್ನಮ್ಮ ಮೊರದಲ್ಲಿ ಉಡಿ ಸಾಮಾನು ತರುತ್ತಾರೆ. ಹೆಂಗಸರೆಲ್ಲ ಸೆರಗೊಡ್ಡುತ್ತಾರೆ. ಶಿವಲಿಂಗಮ್ಮ ಮಾತ್ರ ಒಡ್ಡುವುದಿಲ್ಲ.

"ಮದ್ಲ ಅವರಿಗೆ ಹಾಕ್ರಿ ಯಕ್ಕಾ."

"ಗಂಡಸರಿಗೆ ಉಡಿ? ಎಲ್ಲ್ಯಾರ ಕೇಳಿಯೇನವ್ವಾ!" ಅನ್ನಮ್ಮ ಮೊರವನ್ನು ತಮ್ಮತ್ತ ಎಳೆದುಕೊಳ್ಳುತ್ತಾರೆ.

"ಗಂಡಸರು ನೆಲ್ಲು ಹಚ್ಚೋದು ಎಲ್ಲಿ ಕೇಳಿದ್ವಿ? ಹಚ್ಚಿಸ್ಕೊಂಡ್ರಿ. ಅವರಿಗೆ ಉಡಿ ತುಂಬೂದು ಬಿಟ್ರ ಬರೋ ವರ್ಷ ಅವರ ಕೂಲಿ ಇಳಸ್ತೀರಿ, ಹಿಂದಿಂದ ನಮ್ದೂ."

ಕೊನೆಗೆ ಪಂಪಾಪತಿಯೇ ಹೆಂಡತಿಯ ಕೈಯಿಂದ ಮೊರ ತೆಗೆದುಕೊಂಡು ಗಂಡಸರ ಸಾಲಿನತ್ತ ನಡೆಯುತ್ತಾರೆ. ಏನೆಂದು ತಿಳಿಯದ ಸುಬಲ್ ಕೆಸರು ಮೆತ್ತಿದ ಟವೆಲ್ ಹರವುತ್ತಾನೆ. ಅಕ್ಕಿ, ಬೆಲ್ಲ, ಕೊಬ್ಬರಿ ಬಟ್ಟಲು ಬೀಳುತ್ತವೆ. ಹಜರತಬೀ ಉರ್ದುವಿನಲ್ಲಿ ಅರ್ಥ ಬಿಡಿಸಿ ಹೇಳಿದಾಗ ಆತ ಟವೆಲ್ಲಿನ ಗಂಟನ್ನು ಎರಡು ಸಲ ಬಿಗಿಯುತ್ತಾನೆ.

ಆಮೇಲೆ ಶಿವಲಿಂಗಮ್ಮ ಸೆರಗೊಡ್ಡುತ್ತಾರೆ. "ನನಗೇನು ಭಾಳ ಆಸಿ ಇಲ್ರಿ. ಬರೋ ವರ್ಷ ಟಂಟಂ ಇಳಿದಕೂಡ್ಲೆ ಸೀದಾ ಕೆಸರಿಗಿಳೀಬೇಕು. ಬದುವಿನ ಮ್ಯಾಲ ನಿಂತು ಮಂದಿ ಹಚ್ಚೋದು ನೋಡಿದ್ದು ಒಂದ ಸಲಕ್ಕ ಸಾಕಾತು."