ಚೌಡಮ್ಮನ ಗಂಟೆಯ ತಂತಿ, ನನ್ನ ಕಾರಿನ ಕ್ಲಚ್ಚು

ಚೌಡಮ್ಮ ತಾಯಿಯನ್ನು ನಂಬಿದ ಎಲ್ಲರಿಗೂ ನಮಸ್ಕಾರ. ಲಿಂಗನಮಕ್ಕಿ ಅಣೆಕಟ್ಟಿನ ಕೆಲಸ ಮುಗಿದ ಮಾರನೇ ವರ್ಷ, ಮಾರ್ಗಶಿರದ ಒಂದು ಮಧ್ಯಾಹ್ನ ನನ್ನ ತಂಗಿ ಲಲಿತಳಿಗೆ ಹೆರಿಗೆ ನೋವು ಶುರುವಾಯಿತು. ಚೊಚ್ಚಲ ಬಾಣಂತನಕ್ಕೆಂದು ಹೊಸನಗರದ ಹತ್ತಿರದ ನಮ್ಮ ಮನೆಗೆ ಬಂದಿದ್ದಳು. ಸೂಲಗಿತ್ತಿ ಸಿದ್ದಮ್ಮ ಹೊಟ್ಟೆ ಮುಟ್ಟಿ ನೋಡಿ, "ಕೂಸು ಅಡ್ಡ ಆಗಿದೆ. ನನ್ ಕೈಲಿ ಆಗಲ್ಲ, ತೀರ್ಥಹಳ್ಳಿ ಆಸ್ಪತ್ರೆಗೆ ಹೊರಡಿ" ಎಂದಳು. ಬಸ್ಸು ಆಗಲೇ ಹೋಗಿತ್ತು. ನಾನು ಕಾರು ಹೊರಗೆ ತೆಗೆಯಲು ಕ್ಲಚ್ಚು ತುಳಿದೆ. ಕೇಬಲ್ಲು ಕಡಿದುಹೋಯಿತು.

ಸಾಗರದಿಂದ ತೀರ್ಥಹಳ್ಳಿಯವರೆಗೆ ಆ ಹಳೇ ಕಾರಿನಲ್ಲಿ ಬಾಡಿಗೆ ಹೊಡೆಯುವವನು ನಾನು. ರಿಪೇರಿಗೆ ಇನ್ನೊಬ್ಬರ ಮುಖ ನೋಡಿದವನಲ್ಲ. ಕ್ಲಚ್ಚಿಲ್ಲದೆ ಗೇರಿನಲ್ಲೇ ಇಂಜಿನ್ ಎಬ್ಬಿಸಿ ಓಡಿಸಲೂ ಬಲ್ಲೆ. ಆದರೆ ಆ ಕುಲುಕಾಟದಲ್ಲಿ ತುಂಬುಬಸುರಿಯನ್ನು ಕೂರಿಸುವುದುಂಟೇ? ಸೈಕಲ್ಲಿನ ಬ್ರೇಕ್ ತಂತಿ ಹಾಕಿ ನೋಡಿದೆ, ಒಂದೇ ತುಳಿತಕ್ಕೆ ಪಟ್ಟೆಂದಿತು. ಹೊಸ ಕೇಬಲ್ಲಿಗೆ ಶಿವಮೊಗ್ಗಕ್ಕೆ ಹೋಗಬೇಕು. ಲಲಿತ ನರಳುವುದು ಅಂಗಳಕ್ಕೆ ಕೇಳುತ್ತಿತ್ತು.

ಮನೆಯೆದುರಿನ ದೇವಿಯ ಬನದ ಕಡೆ ತಿರುಗಿ, "ಚೌಡಮ್ಮ, ನನ್ ಕೈ ಮೀರಿತು, ದಾರಿ ತೋರ್ಸು" ಎಂದು ಕೈಮುಗಿದೆ. ತಲೆಯೆತ್ತಿದಾಗ ಕಣ್ಣು ಹೋಗಿ ನಿಂತದ್ದು ಕೊಂಬೆಯಲ್ಲಿದ್ದ ಗಂಟೆಯ ಮೇಲೆ. ಅದು ನಾನೇ ಒಪ್ಪಿಸಿದ ಹರಕೆ ಗಂಟೆ. ಕಟ್ಟಿದ್ದೂ ನಾನೇ, ಅಣೆಕಟ್ಟಿನ ಕೆಲಸ ಬಿಟ್ಟು ಬರುವಾಗ ತಂದಿದ್ದ ಉಕ್ಕಿನ ಹುರಿತಂತಿಯಲ್ಲಿ.

ಆದರೆ ದೇವಿಗೆ ಕೊಟ್ಟಿದ್ದನ್ನು ಯಾರೂ ವಾಪಸು ಮುಟ್ಟುವುದಿಲ್ಲ. ಹರಕೆ ಗಂಟೆ ನೆಲ ತಾಗಲೇಬಾರದು. ಬನದಲ್ಲಿ ಬಿದ್ದ ಕಡ್ಡಿಯನ್ನೂ ಒಲೆಗೆ ತರಲು ಬಿಡದವಳು ನಮ್ಮಮ್ಮ. ಹೆದರಿಕೊಂಡೇ ಕೇಳಿದೆ: "ಅಮ್ಮ, ಹೂ ಇಟ್ಟು ಅಪ್ಪಣೆ ಕೇಳಾಣ?"

"ಹೂ ಬೀಳೋವರೆಗೆ ಕೂಸು ಕಾಯ್ತದಾ? ಅವ್ಳೂ ತಾಯಿ ಅಲ್ವನಾ. ತಂತಿ ಬಿಚ್ಚು. ಗಂಟೆ ನನ್ ಮಡಿಲಿಗೆ ಕೊಡು, ನೀ ಬರೋವರೆಗೆ ಕೆಳಗಿಡಲ್ಲ" ಎಂದು ಮರದ ಬುಡದಲ್ಲಿ ಕೂತೇಬಿಟ್ಟಳು.

ಆಮೇಲೆ ನನ್ನ ಕೈ ನಿಲ್ಲಲಿಲ್ಲ. ಇಡೀ ತಂತಿ ದಪ್ಪವಾಗುತ್ತಿತ್ತು. ಹುರಿ ಬಿಚ್ಚಿ ಒಂದು ಎಳೆ ತೆಗೆದು, ಗ್ರೀಸು ಸವರಿ, ಹಳೇ ಕೇಬಲ್ಲಿನ ಕವಚದೊಳಗೆ ತೂರಿಸಿದೆ. ಪೆಡಲ್ಲಿಗೆ ಸಿಕ್ಕಿಸುವ ಹಿತ್ತಾಳೆ ಗುಂಡನ್ನು ಕೆಂಡದಲ್ಲಿ ಕಾಯಿಸಿ ಬಿಡಿಸಿಕೊಂಡು, ಹೊಸ ತಂತಿಯ ತುದಿ ಅದರೊಳಗೆ ತೂರಿಸಿ, ಪಾತ್ರೆಗೆ ಕಲಾಯಿ ಹಾಕಲು ಇಟ್ಟಿದ್ದ ತವರ, ನವಸಾಗರದಿಂದಲೇ ಬೆಸೆದೆ. ಇನ್ನೊಂದು ತುದಿಗೆ ಬೋಲ್ಟು ಬಿಗಿದೆ. ಮೈಯ ಭಾರವನ್ನೆಲ್ಲ ಹಾಕಿ ತುಳಿದೆ. ತಂತಿ ಜಗ್ಗಲಿಲ್ಲ. ಲಲಿತಳನ್ನೂ ಸಿದ್ದಮ್ಮನನ್ನೂ ಹಿಂದೆ ಕೂರಿಸಿಕೊಂಡು ಹೊರಟೆ.

ಕವಲೇದುರ್ಗದ ಕಡೆಯ ಏರಿನಲ್ಲಿ ಗೇರು ಬೆಣ್ಣೆಯ ಹಾಗೆ ಬಿತ್ತು. "ಮೆತ್ತಗೆ ಹೊಡಿ ಮಾರಾಯ" ಎಂದು ಸಿದ್ದಮ್ಮ ಹಿಂದಿನಿಂದ ಗೊಣಗಿದರೆ, ಲಲಿತ ಹಲ್ಲುಕಚ್ಚಿಕೊಂಡು, "ಅವ್ಳ ಮಾತು ಕೇಳ್ಬೇಡ ಅಣ್ಣ, ಹೊಡಿ" ಎಂದಳು.

ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿದರು. ಡಾಕ್ಟರಮ್ಮ ಹೊರಗೆ ಬಂದು, "ಹೆಣ್ಣು ಮಗು. ಇಬ್ಬರೂ ಆರಾಮ" ಎಂದಾಗ ಜಗಲಿಯಲ್ಲಿ ಎಲ್ಲರೆದುರೇ ಅತ್ತುಬಿಟ್ಟೆ.

ಸಿದ್ದಮ್ಮನನ್ನು ಅಲ್ಲಿ ಬಿಟ್ಟು ಮಾರನೇ ಬೆಳಿಗ್ಗೆ ಮನೆಗೆ ಬಂದೆ. ಅಮ್ಮ ಅದೇ ಮರದ ಬುಡದಲ್ಲಿ, ಕಂಬಳಿ ಹೊದ್ದು, ಗಂಟೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಊಟಕ್ಕೂ ಎದ್ದಿರಲಿಲ್ಲವಂತೆ. ಸುದ್ದಿ ಹೇಳಿದೆ. ಅವಳು ಎರಡೂ ಕೈಯಲ್ಲಿ ಗಂಟೆ ಎತ್ತಿ ಒಂದು ಸಲ ಬಾರಿಸಿ, "ತಗಾ, ಮೊದ್ಲು ಉಳಿದ ತಂತೀಲಿ ಇದನ್ನ ಕಟ್ಟು. ಆಮೇಲೆ ನನ್ನ ಎಬ್ಸು, ಕಾಲು ಮರಗಟ್ಟಿದೆ" ಎಂದಳು.

ಹೊಸ ಕೇಬಲ್ಲು ತಂದ ದಿನ ಕ್ಲಚ್ಚಿನಲ್ಲಿದ್ದ ಆ ಎಳೆಯನ್ನು ತಾಯಿಗೇ ಒಪ್ಪಿಸಿದೆ. ಗ್ರೀಸು ಒರೆಸಲು ಹೋದರೆ, "ಇರ್ಲಿ, ಅವ್ಳು ಕಾಪಾಡಿದ ಗುರುತು" ಎಂದು ಅಮ್ಮ ಬಿಡಲಿಲ್ಲ. ಗಂಟೆ ಈಗ ಅದರಲ್ಲೇ ತೂಗುತ್ತಿದೆ. ಮಗುವಿಗೆ ಚೌಡಮ್ಮನ ಹೆಸರನ್ನೇ ಇಟ್ಟಿದ್ದೇವೆ. ತಂತಿ ಕೊಟ್ಟವಳು ಆ ತಾಯಿ, ಜೋಡಿಸಿದವನಷ್ಟೇ ನಾನು.